ದೇವದುರ್ಗದ ಟೈಪಿಂಗ್ ಮಿಸ್ಟೇಕುಗಳು

ನಾನು ಟೈಪಿಂಗ್ ಕಲಿತದ್ದು ರಾಯಚೂರಿನಲ್ಲಿ, ಸ್ಟೇಷನ್ನಿಗೆ ಹೋಗುವ ದಾರಿಯ ಒಂದು ಮಾಳಿಗೆಯ ಮೇಲೆ. ಕೆಳಗೆ ಹತ್ತಿ ವ್ಯಾಪಾರದ ಅಂಗಡಿ, ಮೇಲೆ ಹನ್ನೊಂದು ಮಷೀನು. ಹತ್ತಿಯ ಎಳೆ ಗಾಳಿಗೆ ಮೇಲೆ ಹಾರಿಬಂದು ಕೀಲಿಗಳ ಸಂದಿಯಲ್ಲಿ ಕೂರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಹೇರ್‌ಪಿನ್ನಿನಿಂದ ಕಿತ್ತು ತೆಗೆದ ಮೇಲೆಯೇ ಪಾಠ. ನಮ್ಮ ಮಾಸ್ತರರ ಬಾಯಲ್ಲಿ ಅತಿ ಹೆಚ್ಚು ಬರುತ್ತಿದ್ದ ಇಂಗ್ಲಿಷ್ ಪದವೆಂದರೆ ಮಿಸ್ಟೇಕ್. ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದಕ್ಕೂ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಎಷ್ಟು ಎಂದು ಎಲ್ಲರ ಎದುರು ಗಟ್ಟಿಯಾಗಿ ಓದುತ್ತಿದ್ದರು. ಮಾಸ್ತರರ ಲೆಕ್ಕದಲ್ಲಿ ಹಾಳೆ ಯಾರು ಹೊಡೆದರೋ ಮಿಸ್ಟೇಕೂ ಅವರದೇ. ಸೀನಿಯರ್ ಪರೀಕ್ಷೆಗೆ ಕೂರುವ ಹೊತ್ತಿಗೆ ನನ್ನ ಹಾಳೆಗಳ ಮೇಲೆ ಕೆಂಪು ಸುತ್ತು ಕಾಣುವುದು ನಿಂತೇ ಹೋಗಿತ್ತು. ಅದೊಂದು ಜಂಬ ನನಗೆ ಆ ವಯಸ್ಸಿನಲ್ಲಿ ತಲೆಗೇರಿತ್ತು, ಪೂರ್ತಿ ಇಳಿದಿದೆ ಎಂದು ಈಗಲೂ ಹೇಳಲಾರೆ.

ಎಪ್ಪತ್ತರ ದಶಕದ ನಡುವಿನಲ್ಲಿ ದೇವದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಯಾವ ಇಲಾಖೆ ಎಂದು ಹೇಳುವುದಿಲ್ಲ. ನನ್ನ ಪಿಂಚಣಿ ಬರುವುದು ಅಲ್ಲಿಂದಲೇ. ಮೊದಲ ಎರಡು ವರ್ಷ ಪ್ರೊಬೇಶನ್, ಅಂದರೆ ಕೆಲಸ ಚೆನ್ನಾಗಿದ್ದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮಪ್ಪ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಮೇಲೇರಿಸಿ ಇಷ್ಟೇ ಹೇಳಿದ: "ಎರಡು ವರ್ಷ ನೋಡ್ತೀನಿ. ಖಾಯಂ ಆದ್ರ ನೌಕರಿ, ಇಲ್ಲಾಂದ್ರ ಯರಗೇರಾ."

ಯರಗೇರಾ ಎಂದರೆ ಆ ಹಳ್ಳಿಯಲ್ಲಿದ್ದ ಒಬ್ಬ ವರ. ನಮಗೆ ದೂರದ ಸಂಬಂಧ. ಅವನನ್ನು ನಾನು ನೋಡಿರಲಿಲ್ಲ. ಅವನ ಬಗ್ಗೆ ಮಾತು ಬಂದಾಗಲೆಲ್ಲ ಮನೆಯಲ್ಲಿ ಅವನ ಮೂರು ಜೋಡಿ ಎತ್ತುಗಳನ್ನೇ ಹೊಗಳುತ್ತಿದ್ದರು. ಎತ್ತುಗಳ ಬಣ್ಣ, ವಯಸ್ಸು, ಹಲ್ಲು ಎಲ್ಲ ನನಗೆ ಬಾಯಿಪಾಠವಾಗಿತ್ತು, ವರನಿಗೆ ಎಷ್ಟು ವಯಸ್ಸೆಂದು ಮಾತ್ರ ಯಾರೂ ಹೇಳಿರಲಿಲ್ಲ. ನನಗೆ ನೌಕರಿ ಬೇಕಾಗಿತ್ತು. ಎತ್ತುಗಳ ಮೇಲೆ ದ್ವೇಷವೇನೂ ಇರಲಿಲ್ಲ.

ಕಚೇರಿಯಲ್ಲಿ ನಾಲ್ಕೇ ಜನ. ಒಳಕೋಣೆಯಲ್ಲಿ ಸಾಹೇಬರು, ಹೊರಗೆ ಹೆಡ್ ಕ್ಲಾರ್ಕರು, ಮೂಲೆಯಲ್ಲಿ ನಾನು, ಬಾಗಿಲಲ್ಲಿ ಚಪರಾಸಿ. ಸಾಹೇಬರು ಸಹಿ ಮಾಡುತ್ತಿದ್ದರು, ಓದುತ್ತಿರಲಿಲ್ಲ. ಕಚೇರಿ ನಡೆಸುತ್ತಿದ್ದವರು ಹೆಡ್ ಕ್ಲಾರ್ಕರು. ನಿಜಾಮರ ಕಾಲದಲ್ಲಿ ಉರ್ದು ಓದಿ ನೌಕರಿಗೆ ಸೇರಿದ ಹಿರಿಯರು, ಹಣೆಯ ತುಂಬ ವಿಭೂತಿ. ಮನೆಯಲ್ಲಿ ಕನ್ನಡ, ಫೈಲಿನಲ್ಲಿ ಇಂಗ್ಲಿಷು, ಸಿಟ್ಟು ಬಂದರೆ ಉರ್ದು. ತುರ್ತು ಫೈಲುಗಳನ್ನು ಅವರು ಬೀರುವಿನಲ್ಲಿ ಇಡುತ್ತಿರಲಿಲ್ಲ, ಅವುಗಳ ಮೇಲೆ ಕೂರುತ್ತಿದ್ದರು. ಯಾರಾದರೂ ಬಂದು ನಮ್ಮ ಕಾಗದ ಎಲ್ಲಿದೆ ಎಂದು ಕೇಳಿದರೆ ಒಂದು ಕ್ಷಣ ಯೋಚಿಸಿ ಎಡ ತೊಡೆಯನ್ನೋ ಬಲ ತೊಡೆಯನ್ನೋ ಎತ್ತುತ್ತಿದ್ದರು. ಫೈಲು ಬೆಚ್ಚಗೆ ಹೊರಬರುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು. ಹೆಡ್ ಕ್ಲಾರ್ಕರು ಕರಡು ಬರೆಯುವುದು, ನಾನು ಟೈಪ್ ಹೊಡೆಯುವುದು, ಸಾಹೇಬರು ಸಹಿ ಹಾಕುವುದು. ಕರಡು ತಿರುಗಿ ಹೆಡ್ ಕ್ಲಾರ್ಕರ ಕೈಗೆ ಹೋಗುತ್ತಿತ್ತು. ಅದರಿಂದ ಅವರು ಪೆನ್ನಿನ ನಿಬ್ಬು ಒರೆಸುತ್ತಿದ್ದರು. ಸಂಜೆಗೆ ಆ ದಿನದ ಕರಡುಗಳೆಲ್ಲ ನೀಲಿ ಉಂಡೆಗಳಾಗಿ ಬುಟ್ಟಿಯಲ್ಲಿ ಬಿದ್ದಿರುತ್ತಿದ್ದವು. ಯಾರು ಏನು ಬರೆದಿದ್ದರು ಎಂದು ಆಮೇಲೆ ದೇವರಿಗೂ ಗೊತ್ತಾಗುವಂತಿರಲಿಲ್ಲ.

ತಪ್ಪಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರಿದೆ, ಯಾವ ಹೆಸರು ಯಾರಿಗೆ ಸಲ್ಲುತ್ತದೆ ಎಂಬುದನ್ನು ನಾನು ಕಲಿತದ್ದು ಆ ಕಚೇರಿಯಲ್ಲಿ. ಚಪರಾಸಿ ಏನಾದರೂ ಕೆಡಿಸಿದರೆ ಅದು ಫಾಲ್ಟ್. ಆ ಪದ ಅವನಿಗೂ ಕರೆಂಟಿನ ಕಂಬಕ್ಕೂ ಸೇರಿದ್ದು. ಸಾಹೇಬರು ಕೆಡಿಸಿದರೆ ಓವರ್‌ಸೈಟ್, ಮೇಲೆ ಎಲ್ಲೋ ನೋಡುತ್ತಿದ್ದರು ಪಾಪ, ಕೆಳಗಿನದು ಕಾಣಲಿಲ್ಲ ಎಂಬ ಭಾವ. ಬ್ಲಂಡರ್ ಎಂಬುದನ್ನು ಹಿಂದಿನ ಸಾಹೇಬರಿಗಾಗಿ ಎತ್ತಿಟ್ಟಿದ್ದರು. ವರ್ಗವಾಗಿ ಹೋದವರಿಗೆ ಮಾತ್ರ ಅದು. ಎರಡು ಊರಿನವರು ಕಚೇರಿಯ ಅಂಗಳದಲ್ಲೇ ಕೈಕೈ ಮಿಲಾಯಿಸಿದರೂ ರಾಯಚೂರಿಗೆ ಹೋಗುವ ವರದಿಯಲ್ಲಿ ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ಹೆಡ್ ಕ್ಲಾರ್ಕರಿಗೆ ಸ್ವಂತಕ್ಕೆ ಎಂದು ಯಾವ ಪದವೂ ಇರಲಿಲ್ಲ. ಅವರು ಮಾಡಿದ್ದೆಲ್ಲ ಟೈಪಿಂಗ್ ಮಿಸ್ಟೇಕ್ ಆಗಿ ನನ್ನ ಮೂಲೆಗೆ ಬರುತ್ತಿತ್ತು.

ಮೊದಲ ಸಲ ಬಂದಾಗ ನನಗೆ ಅರ್ಥವೇ ಆಗಲಿಲ್ಲ. ಸಭೆಯೊಂದರ ದಿನ ಕರಡಿನಲ್ಲೇ ತಪ್ಪಾಗಿತ್ತು, ಜನ ಬಂದು ಖಾಲಿ ಅಂಗಳ ನೋಡಿ ಬೈದು ಹೋದರು. ಮರುದಿನ ತಿದ್ದುಪಡಿಯ ಕರಡು ನನ್ನ ಮುಂದೆ ಬಂತು. ಅದರಲ್ಲಿ 'ಟೈಪಿಂಗ್ ಮಿಸ್ಟೇಕಿನಿಂದಾಗಿ' ಎಂದಿತ್ತು. ನನ್ನದಲ್ಲದ ಮಿಸ್ಟೇಕು ನನ್ನದೇ ಎಂದು ನಾನೇ ಟೈಪ್ ಹೊಡೆಯಬೇಕು, ಅದೂ ಒಂದೂ ಮಿಸ್ಟೇಕಿಲ್ಲದೆ. ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವಳು ನಾನು. ಹಾಳೆ ಹಿಡಿದುಕೊಂಡು ಸೀದಾ ಅವರ ಮೇಜಿಗೆ ಹೋದೆ.

"ಇದು ನನ್ನ ಮಿಸ್ಟೇಕ್ ಅಲ್ರಿ."

"ಅಲ್ಲವ್ವಾ, ಯಾರಂದ್ರು ನಿಂದು ಅಂತ?"

"ಇದ್ರಾಗ ಬರದೀರಲ್ರಿ."

ಅವರು ಪೆನ್ನು ಕೆಳಗಿಟ್ಟರು. ಮಗಳಿಗೆ ಅಡುಗೆ ಕಲಿಸುವವರ ಸಮಾಧಾನದಿಂದ ಹೇಳಿದರು: "ಕೂಡು. ಉರ್ದುದಾಗ ಗಲ್ತಿ ಆತು ಅಂದ್ರ ಮಾಫಿ ಕೇಳಬೇಕಾಗ್ತದ. ಕನ್ನಡದಾಗ ತಪ್ಪಾತು ಅಂದ್ರ ಕಾಲಿಗೆ ಬೀಳಬೇಕು, ದಂಡ ಕೊಡಬೇಕು. ಇಂಗ್ಲಿಷ್‌ದಾಗ ಮಿಸ್ಟೇಕ್ ಅಂದ್ರ ಏನೂ ಮಾಡಬೇಕಾಗಿಲ್ಲ. ಒಂದು ಕಾಗದ ಬರದ್ರ ಮುಗೀತು. ಇದು ನಿನ್ನ ಮ್ಯಾಲಿನ ಮಾತಲ್ಲ, ಪದ್ಧತಿ."

ಪದ್ಧತಿ ಎಂದ ಮೇಲೆ ಸರ್ಕಾರಿ ನೌಕರಿಯವಳು ಏನು ಮಾಡಬೇಕು? ಟೈಪ್ ಹೊಡೆದೆ. ಸಿಟ್ಟಿಗೆ ಕೀಲಿಗಳನ್ನು ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಅಂದಿನ ಕಾರ್ಬನ್ ಕಾಪಿಗಳಲ್ಲಿ ಪ್ರತಿ ಚುಕ್ಕೆಯ ಜಾಗದಲ್ಲೂ ಒಂದು ತೂತಿತ್ತು.

ಹೀಗೆ ಒಂದೂವರೆ ವರ್ಷ ಹೋಯಿತು. ಆ ತಾಲ್ಲೂಕಿನಲ್ಲಿ ನಡೆದ ಎಡವಟ್ಟುಗಳಲ್ಲಿ ನನ್ನ ಪಾಲಿಗೆ ಬಾರದ್ದು ಮಳೆ ಬಾರದ್ದೊಂದೇ. ಬೀಜದ ಚೀಲ ಬೇರೆ ಊರಿಗೆ ಹೋದರೆ ಟೈಪಿಂಗ್ ಮಿಸ್ಟೇಕ್, ಸತ್ತವರಿಗೆ ಸಭೆಯ ನೋಟಿಸು ಹೋದರೆ ಟೈಪಿಂಗ್ ಮಿಸ್ಟೇಕ್. ಕೊನೆಕೊನೆಗೆ ಚಪರಾಸಿಯೂ ಕಲಿತುಬಿಟ್ಟ. ಚಹಾಕ್ಕೆ ಸಕ್ಕರೆ ಹಾಕಲು ಮರೆತ ದಿನ ಲೋಟ ಇಡುತ್ತ ನನ್ನ ಕಡೆ ನೋಡಿ, "ಟೈಪಿಂಗ್ ಮಿಸ್ಟೇಕ್ ಆಗ್ಯಾದ್ರಿ ಅಕ್ಕಾರ" ಎಂದ. ನಕ್ಕೆ. ಆದರೆ ಪ್ರತಿ ತಿದ್ದುಪಡಿಯ ಒಂದು ಪ್ರತಿ ರಾಯಚೂರಿನ ಜಿಲ್ಲಾ ಕಚೇರಿಗೆ ಹೋಗುತ್ತಿದೆ, ಅಲ್ಲಿ ಯಾರೋ ಅವನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಇಡುತ್ತಿದ್ದಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಆಮೇಲೆ ದೋಣಿ ಬಂತು.

ಆ ವರ್ಷ ಎರಡು ಊರುಗಳಿಗೆ ಎರಡು ಸವಲತ್ತು ಮಂಜೂರಾಗಿದ್ದವು. ಕೃಷ್ಣಾ ದಂಡೆಯ ಒಂದು ಊರಿಗೆ, ಹೊಳೆ ತುಂಬಿದಾಗ ದಾಟಲು ಒಂದು ಮರದ ದೋಣಿ. ಹೊಳೆಯಿಂದ ಬಲು ದೂರ, ಗುಡ್ಡದ ಬುಡದಲ್ಲಿದ್ದ ಕುರುಬರ ಊರಿಗೆ ಒಂದು ಬೋರ್‌ವೆಲ್. ಒಂದು ಫೈಲು ಹೆಡ್ ಕ್ಲಾರ್ಕರ ಎಡ ತೊಡೆಯ ಕೆಳಗೆ, ಇನ್ನೊಂದು ಬಲ ತೊಡೆಯ ಕೆಳಗೆ. ಅಂದು ಅವರಿಗೆ ಸೊಂಟ ಹಿಡಿದಿತ್ತು, ಸಾಲದ್ದಕ್ಕೆ ಸಾಹೇಬರು ಒಳಗಿನಿಂದ ಅವಸರ ಮಾಡುತ್ತಿದ್ದರು. ಹೊರಳಿ ಕೂತು ಎರಡನ್ನೂ ಎಳೆದರು, ನೋಡದೆ ಬರೆದರು. ಅವರು ಬರೆದಂತೆ ನಾನು ಹೊಡೆದೆ. ಊರುಗಳ ಹೆಸರು ಕಂಡರೂ ಯಾವ ಊರು ಎಲ್ಲಿದೆ ಎಂದು ರಾಯಚೂರು ಪೇಟೆಯ ಹುಡುಗಿಗೆ ಏನು ಗೊತ್ತು?

ಹದಿನೈದು ದಿನಕ್ಕೆ ಲಾರಿಯ ಮೇಲೆ ದೋಣಿ ಗುಡ್ಡದ ಊರಿಗೆ ಹೋಯಿತಂತೆ. ಕಾಲು ತೊಯ್ಯುವಷ್ಟು ನೀರೂ ಇಲ್ಲದ ಊರು. ಜನ ಸೇರಿದರು, ಸುತ್ತ ತಿರುಗಿ ನೋಡಿದರು. ಸರ್ಕಾರದವರು ಕಳಿಸಿದ್ದಾರೆಂದರೆ ಏನೋ ಇರಬೇಕು, ಮುಂದೆ ಹೊಳೆಯನ್ನೂ ಕಳಿಸಬಹುದು ಎಂದು ಇಳಿಸಿಕೊಂಡರು. ಅತ್ತ ಹೊಳೆಯ ದಂಡೆಯಲ್ಲಿ, ನೀರಿನಿಂದ ಕಲ್ಲೆಸೆತದ ದೂರದಲ್ಲಿ, ಬೋರ್‌ವೆಲ್ ಲಾರಿ ನಾಲ್ಕು ದಿನ ಗುಡುಗುಡು ಕೊರೆಯಿತು.

ಸುದ್ದಿ ರಾಯಚೂರು ಮುಟ್ಟಿತು. ವಿವರಣೆ ಕೇಳಿ ಪತ್ರ ಬಂತು. ನಮ್ಮ ಉತ್ತರ ಏನೆಂದು ಹೇಳಬೇಕಿಲ್ಲ. ಅದನ್ನು ಟೈಪ್ ಹೊಡೆಯುವಾಗ ಮೊದಲ ಸಲ ನನಗೆ ಸಿಟ್ಟಿನ ಬದಲು ಹೆದರಿಕೆಯಾಯಿತು. ಹದಿನೈದು ದಿನ ಬಿಟ್ಟು ಇನ್ನೊಂದು ಪತ್ರ: ಟೈಪಿಸ್ಟರ ಪ್ರೊಬೇಶನ್ ಮುಗಿಯುತ್ತ ಬಂದಿದೆ, ಇಷ್ಟೊಂದು ಮಿಸ್ಟೇಕು ಮಾಡುವವರನ್ನು ಖಾಯಂ ಮಾಡಬಹುದೋ ಇಲ್ಲವೋ ಎಂದು ಪರೀಕ್ಷಿಸಲು ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬರು ಬರುತ್ತಾರೆ. ಯರಗೇರಾದ ಎತ್ತುಗಳು ಕಣ್ಣ ಮುಂದೆ ಬಂದು ನಿಂತವು, ಮೂರು ಜೋಡಿಯೂ.

ಅಂದು ಮಧ್ಯಾಹ್ನ ಹೆಡ್ ಕ್ಲಾರ್ಕರ ಮುಂದೆ ನಿಂತು ಹೇಳಿಯೇಬಿಟ್ಟೆ. "ನೀವು ಬರದಿದ್ದು ನಾ ಹೊಡದೀನ್ರಿ. ಎರಡು ವರ್ಷದಾಗ ನಂದು ಅನ್ನೋ ಮಿಸ್ಟೇಕ್ ಒಂದರ ತೋರಿಸ್ರಿ, ನಾಳೇನ ಟ್ರಂಕು ತಗೊಂಡು ಹೋಗ್ತೀನಿ."

ಅವರು ಪೆನ್ನಿನ ನಿಬ್ಬು ಒರೆಸುತ್ತಲೇ ಇದ್ದರು, ಅದರಲ್ಲಿ ಶಾಯಿ ಇರಲಿಲ್ಲ. "ನೋಡೂಣು ಬಿಡವ್ವಾ" ಎಂದರು, ಅಷ್ಟೇ. ಆ ರಾಶಿ ವಿಭೂತಿಯನ್ನೆಲ್ಲ ಒರೆಸಿಬಿಡಬೇಕು ಅನ್ನಿಸುವಷ್ಟು ಕೋಪ ಬಂತು ನನಗೆ.

ಪರೀಕ್ಷೆಯ ಅಧಿಕಾರಿ ಮೊದಲು ಗುಡ್ಡದ ಊರಿಗೆ ಹೋಗಿ ದೋಣಿ ನೋಡಿಕೊಂಡು ಬಂದರು. ಜೊತೆಗೆ ಹೋಗಿದ್ದ ಚಪರಾಸಿ ನನಗೆ ಎಲ್ಲ ಹೇಳಿದ. ಊರಿನವರು ದೋಣಿಯಲ್ಲಿ ಕುರಿಮರಿಗಳನ್ನು ಬಿಟ್ಟಿದ್ದರಂತೆ. ಅಂಚು ಎತ್ತರ, ಮರಿಗಳು ಹಾರಿ ಹೋಗುವಂತಿಲ್ಲ, ಮೇಲೊಂದು ಜಾಲರಿ ಮುಚ್ಚಿದರೆ ತೋಳದ ಭಯವೂ ಇಲ್ಲ. ದೋಣಿಯನ್ನು ವಾಪಸು ಒಯ್ಯುತ್ತೇವೆಂದು ಅಧಿಕಾರಿ ಹೇಳಿದಾಗ ಊರಿನ ಹಿರಿಯ ಕೈಮುಗಿದು, "ಹಂಗ ಅನಬ್ಯಾಡ್ರಿ ಯಪ್ಪಾ. ಮರಿಗೊಳಿಗೆ ಭಾಳ ಅನುಕೂಲ ಆಗ್ಯಾದ. ಆಗೂದಾದ್ರ ಇನ್ನೊಂದು ಕಳಸ್ರಿ" ಎಂದನಂತೆ. ಅಧಿಕಾರಿ ನಗಲಿಲ್ಲವಂತೆ.

ಕಚೇರಿಗೆ ಬಂದವರೇ ನನ್ನನ್ನು ಮಷೀನಿನ ಮುಂದೆ ಕೂರಿಸಿದರು. ತಮ್ಮ ಚೀಲದಿಂದ ಒಂದು ಹಾಳೆ ಇಂಗ್ಲಿಷು ತೆಗೆದು ಕೊಟ್ಟು ಗಡಿಯಾರ ಹಿಡಿದು ನಿಂತರು. ನಾನು ಹೊಡೆದೆ. ಹತ್ತಿಯ ಎಳೆಗಳನ್ನೂ ಮಾಸ್ತರರ ಕೆಂಪು ಪೆನ್ಸಿಲನ್ನೂ ನೆನೆದುಕೊಂಡು ಹೊಡೆದೆ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಒಂದೂ ಮಿಸ್ಟೇಕ್ ಇಲ್ಲ" ಎಂದರು. ದಾರಕ್ಕೆ ಪೋಣಿಸಿದ ತಿದ್ದುಪಡಿಗಳ ಕಟ್ಟನ್ನು ಮೇಜಿನ ಮೇಲಿಟ್ಟು ಕೇಳಿದರು, "ಹಂಗಾದ್ರ ಇವೆಲ್ಲಾ ಯಾರವು?"

ಸಾಹೇಬರು ಫ್ಯಾನು ನೋಡುತ್ತ, "ಓವರ್‌ಸೈಟ್ ಇರಬಹುದು" ಎಂದರು. ಯಾರ ಓವರ್‌ಸೈಟ್ ಎಂದು ಅಧಿಕಾರಿ ಕೇಳಿದರೆ, "ಒಟ್ಟು ಕಚೇರಿದು" ಎಂದರು. ಚಪರಾಸಿಗೆ ನನ್ನ ಮೇಲೆ ಕನಿಕರ ಬಂದು ಬಾಗಿಲಿನಿಂದಲೇ, "ಫಾಲ್ಟ್ ಮಷೀನಿಂದೇ ಇರಬೇಕ್ರಿ ಸಾಹೇಬ್ರ, ಹಳೇ ಮಷೀನದ" ಎಂದ. ಎಂಥ ಮಷೀನಾದರೂ ತಾನೇ ಯೋಚಿಸಿ ದೋಣಿಯನ್ನು ಗುಡ್ಡಕ್ಕೆ ಕಳಿಸುವುದಿಲ್ಲ ಎಂದು ಯಾರೂ ಅವನಿಗೆ ಹೇಳಲಿಲ್ಲ.

ಆಗ ಹೆಡ್ ಕ್ಲಾರ್ಕರು ಎದ್ದು ನಿಂತರು. ಕಚೇರಿಯ ಹೊತ್ತಿನಲ್ಲಿ ಅವರು ಪೂರ್ತಿ ಎದ್ದು ನಿಂತದ್ದನ್ನು ನಾನು ಕಂಡದ್ದೇ ಕಡಿಮೆ. ಕುರ್ಚಿಯ ಮೇಲೆ ಫೈಲುಗಳು ಚಪ್ಪಟೆಯಾಗಿ ಬಿದ್ದಿದ್ದವು.

"ತಪ್ಪು ನಂದ್ರಿ" ಎಂದರು. "ದೋಣಿದು ಅಷ್ಟ ಅಲ್ಲ. ಆ ಕಟ್ಟಿನ್ಯಾಗಿನವು ಎಲ್ಲಾ ನನ್ನವು. ಹುಡುಗಿದು ಒಂದೂ ಇಲ್ಲ."

ಅಧಿಕಾರಿ ಪೆನ್ನು ತೆರೆದರು. "ವರದಿಯೊಳಗ ಏನಂತ ಬರೀಲಿ? ಮಿಸ್ಟೇಕ್, ಎರರ್, ಏನು?"

"ಆ ಮಾತೆಲ್ಲಾ ನಾನು ಬರದು ಬರದು ಸವೆಸೀನ್ರಿ. ತಪ್ಪು ಅಂತ ಕನ್ನಡದಾಗ ಬರೀರಿ. ಕೆಳಗ ನಾ ಸಹಿ ಹಾಕ್ತೀನಿ."

ಬರೆದದ್ದರ ಕೆಳಗೆ ಅವರು ಸಹಿ ಹಾಕಿದರು. ಅಷ್ಟು ದಿನ ಅವರ ಮೇಲೆ ಕೂಡಿಟ್ಟ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು, ನನಗೆ ಅಳು ಬಂತು. ಅವರಿಗೆ ಒಂದು ಕಟುವಾದ ಮೆಮೊ ಬಂತು. ಅದನ್ನು ನಿಬ್ಬು ಒರೆಸಲು ಬಳಸದೆ ಮಡಚಿ ಜೇಬಿನಲ್ಲಿಟ್ಟುಕೊಂಡರು. ನನಗೆ ಖಾಯಂ ಆದೇಶ ಬಂತು. ಯರಗೇರಾದ ಎತ್ತುಗಳು ಬೇರೆ ಯಾರದೋ ಪಾಲಾದವು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ನನ್ನನ್ನು ನಾನು ಹೊಗಳಿಕೊಳ್ಳುವ ಕತೆಯಾಗುತ್ತಿತ್ತು. ಎಂಬತ್ತರ ದಶಕದಲ್ಲಿ ನನಗೆ ಬಡ್ತಿ ಸಿಕ್ಕು ಮಾನ್ವಿಗೆ ಹೋದೆ. ಅಲ್ಲಿ ನಾನೇ ಹೆಡ್ ಕ್ಲಾರ್ಕ್. ಫೈಲುಗಳ ಮೇಲೆ ಕೂರಬಾರದು ಎಂದು ಮೊದಲ ದಿನವೇ ಎರಡು ಬೀರು ತರಿಸಿದೆ. ಕೈಕೆಳಗೆ ಒಬ್ಬ ಟೈಪಿಸ್ಟ್ ಹುಡುಗಿ, ರಾಯಚೂರಿನವಳೇ, ಪ್ರೊಬೇಶನ್ನಿನಲ್ಲಿದ್ದಳು. ಕನ್ನಡ ಮಷೀನು ಬಂದಿತ್ತು. ಅವಳು ಹೊಡೆಯುವ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು, ಕೆಂಪು ಪೆನ್ಸಿಲಿಗೆ ಕೆಲಸವಿಲ್ಲ. ಅವಳನ್ನು ಖಾಯಂ ಮಾಡುವ ವರದಿಯನ್ನು ಬರೆಯಬೇಕಾದವಳು ನಾನು.

ಒಂದು ಸಲ ರಸ್ತೆಗೆ ಗರಸು ಮಣ್ಣು ಹಾಕಿಸುವ ಕೆಲಸ ಬಂತು. ಸುತ್ತಲಿನ ಹಳ್ಳಿಯವರು ಎತ್ತಿನ ಬಂಡಿ ಕಟ್ಟಿಕೊಂಡು ಇಂಥ ದಿನ ಬರಬೇಕೆಂದು ನೋಟಿಸಿನ ಕರಡು ಬರೆದೆ. ದಿನವನ್ನು ಕ್ಯಾಲೆಂಡರ್ ನೋಡಿ ನಾನೇ ಆರಿಸಿದೆ. ಅಂದು ಬೆಳಿಗ್ಗೆಯಿಂದ ಸಾಹೇಬರು ರಸ್ತೆಯಲ್ಲಿ ಬಿಸಿಲಿಗೆ ನಿಂತರು. ಒಂದು ಬಂಡಿಯೂ ಬರಲಿಲ್ಲ. ಮಧ್ಯಾಹ್ನ ಬೆವರು ಸುರಿಸುತ್ತ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ಸೋಮವಾರ ಬಸವಣ್ಣನ ದಿನ. ಈ ಕಡೆ ಯಾರೂ ಎತ್ತು ಹೂಡೋದಿಲ್ಲ. ನಿಮಗ ಗೊತ್ತಿಲ್ಲೇನ್ರಿ?"

ಕೇಳಿದ್ದೆ, ಆದರೆ ನೆನಪಾಗಿರಲಿಲ್ಲ. ಪೇಟೆಯಲ್ಲಿ ಬೆಳೆದವಳಿಗೆ ಸೋಮವಾರ ಎಂದರೆ ಕಚೇರಿ ತೆರೆಯುವ ದಿನ. ಯರಗೇರಾಕ್ಕೆ ಸೊಸೆಯಾಗಿ ಹೋಗಿದ್ದರೆ ಈ ತಪ್ಪು ನನ್ನಿಂದ ಆಗುತ್ತಿರಲಿಲ್ಲ. ಸಾಹೇಬರು ನೋಡುತ್ತಲೇ ಇದ್ದರು. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು: "ಮಂಗಳವಾರ ಆಗಬೇಕಿತ್ತು ಸರ್. ಟೈಪಿಂಗ್ ಮಿಸ್ಟೇಕ್."

ಮೂಲೆಯಲ್ಲಿ ಮಷೀನಿನ ಸದ್ದು ನಿಂತಿತು.

"ಆ ಹುಡುಗಿ ಇನ್ನೂ ಪ್ರೊಬೇಶನ್ನಿನ್ಯಾಗ ಅದಾಳಲ್ಲ?" ಎಂದರು ಸಾಹೇಬರು. "ವರದಿ ಬರಿಯೋ ಮುಂದ ಸ್ವಲ್ಪ ನೋಡಿ ಬರೀರಿ." ಅಷ್ಟು ಹೇಳಿ ಒಳಗೆ ಹೋದರು.

ಹುಡುಗಿ ಏನೂ ಕೇಳಲಿಲ್ಲ. ನಾನಾಗಿದ್ದರೆ ಹಾಳೆ ಹಿಡಿದು ಬಂದು ಜಗಳ ತೆಗೆಯುತ್ತಿದ್ದೆ. ಅವಳು ಮಷೀನಿನಿಂದ ಇದ್ದ ಹಾಳೆ ತೆಗೆದು, ಕಾರ್ಬನ್ ಇಟ್ಟು ಹೊಸದು ಸುತ್ತಿ, ತಿದ್ದುಪಡಿಯ ಕರಡಿಗಾಗಿ ನನ್ನ ಕಡೆ ನೋಡುತ್ತ ಕೂತಳು. ಅವಳಿಗೂ ಪದ್ಧತಿ ಗೊತ್ತಿತ್ತು. ನನ್ನ ಮೇಜಿನ ಮೇಲೆ ಅವಳು ವಾಪಸು ಕೊಟ್ಟಿದ್ದ ನೋಟಿಸಿನ ಕರಡು ಹಾಗೇ ಇತ್ತು, ನನ್ನ ಅಕ್ಷರದಲ್ಲಿ ಸೋಮವಾರ ಎಂದು ದುಂಡಗೆ. ಅದನ್ನು ಉಂಡೆ ಮಾಡಲು ಕೈ ಹೋಗಿತ್ತು, ಸುಳ್ಳೇಕೆ ಹೇಳಲಿ. ಉಂಡೆ ಮಾಡದೆ ಕೈಯಲ್ಲಿ ಹಿಡಿದು ಎದ್ದೆ. ದೇವದುರ್ಗದ ಆ ಮುದುಕರು ಎದ್ದು ನಿಂತದ್ದು ಎಷ್ಟು ದೊಡ್ಡ ಕೆಲಸವೆಂದು ಅವತ್ತು ನನಗೆ ತಿಳಿಯಿತು. ನನ್ನ ಕುರ್ಚಿಯಿಂದ ಸಾಹೇಬರ ಬಾಗಿಲಿಗೆ ಎಂಟು ಹೆಜ್ಜೆ, ನಡೆದು ಮುಗಿಯುತ್ತಲೇ ಇರಲಿಲ್ಲ.

"ಸರ್, ತಪ್ಪು ನಂದು" ಎಂದೆ.

"ಯಾವುದ್ರಿ?"

"ಸೋಮವಾರದ್ದು. ಕರಡಿನ್ಯಾಗ ನಾನ ಹಂಗ ಬರದೀನಿ. ಆಕಿ ಬರದಂಗ ಹೊಡದಾಳ."

ಅವರಿಗೆ ಬಿಸಿಲು ತಲೆಗೇರಿತ್ತು, ಮಾತು ಮುಗಿದರೆ ಸಾಕಾಗಿತ್ತು. "ಹೋಗ್ಲಿ ಬಿಡ್ರಿ. ಮಿಸ್ಟೇಕ್ ಎಲ್ಲಾರಿಗೂ ಆಗ್ತಾವ. ಟೈಪಿಂಗ್ ಅಂತ ಬರದು ಮುಗಸ್ರಿ."

"ಹಂಗ ಬರಿಯಾಕ ಆಗಂಗಿಲ್ರಿ ಸರ್" ಎಂದು ಕರಡನ್ನು ಅವರ ಮುಂದಿಟ್ಟು ಹೊರಬಂದೆ.

ತಿದ್ದುಪಡಿಯನ್ನು ನಾನೇ ಹೇಳಿ ಬರೆಸಿದೆ. ದಿನ ಆರಿಸಿದ್ದು ಹೆಡ್ ಕ್ಲಾರ್ಕರ ತಪ್ಪು, ಟೈಪಿಸ್ಟರದು ಅಲ್ಲ, ಎಂದು. ಹುಡುಗಿ ತಲೆ ಎತ್ತದೆ ಹೊಡೆಯುತ್ತಿದ್ದಳು. 'ಟೈಪಿಸ್ಟರದು ಅಲ್ಲ' ಎಂಬಲ್ಲಿಗೆ ಬಂದಾಗ ಬೆರಳು ತಡವರಿಸಿತು, ಒಂದಕ್ಷರದ ಮೇಲೆ ಇನ್ನೊಂದು ಅಕ್ಷರ ಬಿತ್ತು. ಹಾಳೆ ತೆಗೆದು ನನ್ನ ಮುಂದೆ ತಂದಿಟ್ಟು ಆ ಜಾಗದ ಮೇಲೆ ಬೆರಳಿಟ್ಟಳು.

"ಮೇಡಂ, ಇದ್ರಾಗ ಒಂದು ನಂದೂ ಅದ ರೀ. ಬ್ಯಾರೆ ಹೊಡದು ಕೊಡ್ತೀನಿ."

"ಬ್ಯಾಡ, ಇರಲಿ" ಎಂದು ಅದರ ಕೆಳಗೆ ಸಹಿ ಹಾಕಿದೆ.